ಉರಿಯುವ ಮಂಜುಗಡ್ಡೆಯೂ ಬೆಂಕಿಪುರದ ಕುಲುಮೆಯೂ

ಕಳೆದ ವರ್ಷ ನಮ್ಮ ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದಳು. ಆಕೆಯ ತಾತನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ಕುಲುಮೆಯ ಮುಂದೆ ನಿಂತು ದುಡಿದು ವಿಶ್ರಾಂತಿ ಪಡೆದವರು. "ಟೀಚರ್, ಸಮುದ್ರದ ಅಡಿಯಲ್ಲಿ ಉರಿಯುವ ಮಂಜುಗಡ್ಡೆ ಇದೆಯಂತೆ. ಅದನ್ನು ಹುಡುಕುವುದಕ್ಕೆ ಸರ್ಕಾರದವರು ಹಡಗನ್ನೇ ಕಳುಹಿಸಿದ್ದರಂತೆ. ನಮ್ಮ ಊರಿನ ಕುಲುಮೆ ಆರಿಹೋಗಿರುವಾಗ ಕಡಲಿನ ಅಡಿಯ ಬೆಂಕಿಗೆ ಏಕೆ ದುಡ್ಡು ಹಾಕಬೇಕು?" ಎಂದಳು. ಸಭೆಯಲ್ಲಿದ್ದವರು ನಕ್ಕರು, ನಾನು ಮಾತ್ರ ನಗಲಿಲ್ಲ. ಆ ದಿನ ನನಗೆ ತಕ್ಕ ಉತ್ತರವನ್ನು ಹೇಳಲಾಗಲಿಲ್ಲ. ಓದಿಕೊಂಡು ಹೇಳುತ್ತೇನೆಂದು ಮಾತು ಕೊಟ್ಟೆನು. ಈ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಆ ಸಾಲವನ್ನು ಇಲ್ಲಿಯೇ ತೀರಿಸಿಬಿಡೋಣವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಅದೇ ಭದ್ರಾವತಿಯಲ್ಲಿ ಸಂಸಾರ ನಡೆಸುತ್ತಿರುವವರು. ಈ ಪ್ರಶ್ನೆ ಅವರ ಮನೆಯ ಪ್ರಶ್ನೆಯೂ ಹೌದು.

ಮೊದಲು ಆ ಮಂಜುಗಡ್ಡೆ ಎಂಬುದೇನೆಂದು ತಿಳಿಯೋಣ.

ಮಳೆಗಾಲ ಕಳೆದ ಮೇಲೆ ನಮ್ಮ ಮಲೆನಾಡಿನ ಕೆರೆಯ ಅಂಚಿನಲ್ಲಿ ಕೋಲಿನಿಂದ ಕೆಸರನ್ನು ಕೆದಕಿದರೆ ಗುಳ್ಳೆಗಳು ಬುಳುಬುಳನೆ ಮೇಲೇಳುವುದನ್ನು ನೀವೆಲ್ಲರೂ ಕಂಡಿರುವಿರಿ. ಎಲೆ, ಹುಲ್ಲು, ಸತ್ತ ಜೀವಿಗಳು ನೀರಿನ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವಾಗ ಸೂಕ್ಷ್ಮಜೀವಿಗಳಿಂದ ಹುಟ್ಟುವ ಅನಿಲವದು. ಅದರ ಮುಖ್ಯ ಭಾಗವೇ ಮೀಥೇನ್. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಜಲಜನಕದ ಪರಮಾಣುಗಳು ಸೇರಿ ಇದರ ಅಣುವಾಗುತ್ತದೆ. ಅಡಕೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸ್ ಗುಂಡಿಯಿಂದ ಒಲೆಗೆ ಬರುವುದೂ ಹೆಚ್ಚಾಗಿ ಇದೇ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊತ್ತಿಸಿದರೆ ನೀಲಿಯಾಗಿ ಉರಿಯುತ್ತದೆ.

ಕೆರೆಯಲ್ಲಿ ಈ ಅನಿಲವು ಗುಳ್ಳೆಯಾಗಿ ಹಾರಿಹೋಗುತ್ತದೆ. ಆಳವಾದ ಸಮುದ್ರದ ತಳದ ಕೆಸರಿನಲ್ಲಿ ಹಾಗಾಗದು. ಅಲ್ಲಿ ನೀರು ತಣ್ಣಗಿದೆ. ಮೇಲಿನ ನೀರಿನ ಭಾರವೂ ಅಪಾರವಾಗಿದೆ. ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆಂದು ಎಂಟನೆಯ ತರಗತಿಯಲ್ಲಿಯೇ ಓದಿರುವಿರಷ್ಟೆ. ಆ ಶೀತದಲ್ಲಿಯೂ ಒತ್ತಡದಲ್ಲಿಯೂ ನೀರಿನ ಅಣುಗಳು ಒಂದರ ಕೈಯನ್ನೊಂದು ಹಿಡಿದು ಜೇನುಗೂಡಿನ ಕೋಣೆಗಳಂತೆ ಚಿಕ್ಕ ಚಿಕ್ಕ ಗೂಡುಗಳನ್ನು ಕಟ್ಟುತ್ತವೆ. ಒಂದೊಂದು ಗೂಡಿನಲ್ಲಿ ಒಂದೊಂದು ಮೀಥೇನ್ ಅಣು ಸೆರೆಯಾಗುತ್ತದೆ. ಗೂಡಿಗೂ ಒಳಗಿನ ಅಣುವಿಗೂ ರಾಸಾಯನಿಕ ಬಂಧವೇನೂ ಇಲ್ಲ. ಪಂಜರದೊಳಗೆ ಹಕ್ಕಿ ಇದ್ದಂತೆ ಅದು ಇರುವುದಷ್ಟೆ. ಆದರೆ ಹಕ್ಕಿಯಿಲ್ಲದೆ ಈ ಪಂಜರ ನಿಲ್ಲಲಾರದೆಂಬುದೇ ವಿಶೇಷ. ಇದನ್ನೇ ಮೀಥೇನ್ ಹೈಡ್ರೇಟ್ ಎನ್ನುತ್ತಾರೆ. ನೋಡುವುದಕ್ಕೆ ಕೊಳೆಯಾದ ಮಂಜುಗಡ್ಡೆಯ ಹಾಗೆ. ಕಡ್ಡಿ ಗೀರಿ ಹಿಡಿದರೆ ಉರಿಯುತ್ತದೆ, ಉರಿದ ಮೇಲೆ ನೀರು ತೊಟ್ಟಿಕ್ಕುತ್ತದೆ.

ಸೊನ್ನೆ ಡಿಗ್ರಿಯ ಶೀತದಲ್ಲಿ ಇದು ನಿಲ್ಲಬೇಕಾದರೆ ಸುಮಾರು 26 ವಾಯುಭಾರದ ಒತ್ತಡ ಬೇಕು. ಹತ್ತು ಡಿಗ್ರಿಯಲ್ಲಿಯಾದರೆ ಸುಮಾರು 70 ವಾಯುಭಾರ, ಎಂದರೆ ಏಳುನೂರು ಮೀಟರ್ ಆಳದ ನೀರು. ಆದುದರಿಂದ ಮಂಗಳೂರಿನ ದಡದಲ್ಲಿ ನಿಂತು ಇದನ್ನು ಹುಡುಕಿ ಫಲವಿಲ್ಲ. ಅಲ್ಲಿಯ ಕಡಲು ಬಹುದೂರದವರೆಗೆ ಆಳವಿಲ್ಲದ್ದು. ಹಾಗೆಯೇ ಕಡಲ ತಳದಿಂದ ಇನ್ನೂ ಕೆಳಕ್ಕೆ ಕೊರೆಯುತ್ತ ಹೋದರೆ ಭೂಮಿಯ ಒಳಗಿನ ಕಾವು ಹೆಚ್ಚುತ್ತದೆ. ಕೆಲವು ನೂರು ಮೀಟರ್ ಇಳಿಯುವುದರೊಳಗೆ ಹೈಡ್ರೇಟ್ ಇರಲಾರದ ಮಟ್ಟ ಬರುತ್ತದೆ. ಹೀಗೆ ಮೇಲೂ ಕೆಳಗೂ ಮಿತಿಯುಳ್ಳ ಒಂದು ಪದರದಲ್ಲಿ ಮಾತ್ರ ಇದರ ವಾಸ. ರಷ್ಯಾ, ಕೆನಡಾ, ಅಲಾಸ್ಕಗಳ ಸದಾ ಹೆಪ್ಪುಗಟ್ಟಿರುವ ನೆಲದ ಅಡಿಯಲ್ಲಿಯೂ ಉಂಟು.

ಇದರ ಗೌರವವಿರುವುದು ಅದರ ಸಾಂದ್ರತೆಯಲ್ಲಿ. ಒಂದು ಘನ ಮೀಟರ್ ಹೈಡ್ರೇಟನ್ನು ಕರಗಿಸಿದರೆ ಸುಮಾರು 164 ಘನ ಮೀಟರ್ ಅನಿಲ ಹೊರಡುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೋಗ್ರಾಂ ಸಿಲಿಂಡರಿನಲ್ಲಿರುವ ಶಾಖವು ಸುಮಾರು 18 ಘನ ಮೀಟರ್ ಮೀಥೇನಿನ ಶಾಖಕ್ಕೆ ಸಮ. ಅಂದಮೇಲೆ ಒಂದು ದೊಡ್ಡ ಪೆಟ್ಟಿಗೆಯಷ್ಟು ಈ ಮಂಜಿನಲ್ಲಿ ಒಂಬತ್ತು ಸಿಲಿಂಡರುಗಳು ಅಡಗಿವೆ. ಈ ಲೆಕ್ಕವನ್ನು ಬಾಲಿಕೆಯರೇ ಕಪ್ಪು ಹಲಗೆಯ ಮೇಲೆ ಮಾಡಿದರು. ಮುಂದೆ ಇದು ನಮಗೆ ಬೇಕಾಗುತ್ತದೆ.

ಇಂತಹ ವಸ್ತುವೊಂದು ಉಂಟೆಂಬುದು ಹೊಸ ಸಂಗತಿಯೇನಲ್ಲ. 1810ರ ಸುಮಾರಿನಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯವರು ಕ್ಲೋರಿನ್ ಅನಿಲವೂ ನೀರೂ ಸೇರಿ ಮಂಜಾಗುವುದನ್ನು ಗುರುತಿಸಿದರು. ಅವರ ಶಿಷ್ಯರಾದ ಮೈಕೇಲ್ ಫ್ಯಾರಡೆಯವರು 1823ರಲ್ಲಿ ಅದರ ಪ್ರಮಾಣವನ್ನು ಅಳೆದರು. ನೂರಾರು ವರ್ಷ ಇದೊಂದು ಪ್ರಯೋಗಶಾಲೆಯ ಚೋದ್ಯವಾಗಿಯೇ ಉಳಿಯಿತು. 1934ರಲ್ಲಿ ಅಮೆರಿಕದ ಹ್ಯಾಮರ್‌ಷ್ಮಿಟ್ ಎಂಬವರು, ಚಳಿಗಾಲದಲ್ಲಿ ಅನಿಲದ ಕೊಳವೆಗಳು ಕಟ್ಟಿಕೊಳ್ಳುವುದಕ್ಕೆ ನೀರಿನ ಮಂಜಲ್ಲ, ಈ ಹೈಡ್ರೇಟೇ ಕಾರಣವೆಂದು ತೋರಿಸಿದರು. ಕಾಟವೆಂದು ತಿಳಿದಿದ್ದ ವಸ್ತುವನ್ನೇ ಮುಂದಿನ ತಲೆಮಾರಿನವರು ನಿಧಿಯೆಂದು ಹುಡುಕತೊಡಗಿದರು. ವಿಜ್ಞಾನದ ಚರಿತ್ರೆಯಲ್ಲಿ ಇಂತಹುದು ಅಪರೂಪವಲ್ಲ.

ಇನ್ನು ಸರ್ಕಾರಗಳ ಮಾತು.

ನಮ್ಮ ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಬಹುಪಾಲನ್ನೂ ಅನಿಲದಲ್ಲಿ ಸುಮಾರು ಅರ್ಧವನ್ನೂ ಹೊರದೇಶಗಳಿಂದ ಕೊಂಡುಕೊಳ್ಳಬೇಕಾಗಿದೆ. ಈ ಕಾರಣದಿಂದ ಭಾರತ ಸರ್ಕಾರದವರು 1997ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮವನ್ನು ಆರಂಭಿಸಿದರು. ಗೋವೆಯ ಸಮುದ್ರ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಭೂಭೌತ ಸಂಶೋಧನ ಸಂಸ್ಥೆ ಮೊದಲಾದವುಗಳ ವಿದ್ವಾಂಸರು ಹಳೆಯ ಸಮೀಕ್ಷೆಗಳ ದಾಖಲೆಗಳನ್ನು ತೆಗೆದು ನೋಡಿದರು. ಹಡಗಿನಿಂದ ಶಬ್ದವನ್ನು ಕೆಳಗೆ ಕಳುಹಿಸಿ ಮರುದನಿಯನ್ನು ಕೇಳುವುದು ಇವರ ಕ್ರಮ. ಆಗುಂಬೆಯ ಕಣಿವೆಯಲ್ಲಿ ಕೂಗಿದರೆ ಎದುರು ಬೆಟ್ಟ ಮರುಕೂಗುತ್ತದಲ್ಲವೆ? ಹಾಗೆಯೇ ಹೈಡ್ರೇಟಿನ ಪದರ ಮುಗಿದು ಬಿಡಿ ಅನಿಲ ಆರಂಭವಾಗುವ ಗಡಿಯಿಂದ ಒಂದು ವಿಶಿಷ್ಟವಾದ ಮರುದನಿ ಬರುತ್ತದೆ. ಆದರೆ ಮರುದನಿಯನ್ನು ಕೇಳಿದವನು ಬೆಟ್ಟವನ್ನು ಮುಟ್ಟಿದಂತಾಗಲಿಲ್ಲ. ಮುಟ್ಟಬೇಕಾದರೆ ಕೊರೆಯಬೇಕು, ಕೊರೆಯಬೇಕಾದರೆ ವಿಶೇಷವಾದ ಹಡಗು ಬೇಕು, ಅಂತಹ ಹಡಗಿಗೆ ದಿನದ ಬಾಡಿಗೆಯೇ ಭಾರಿ.

2006ರ ಏಪ್ರಿಲ್ 28ರಿಂದ ಆಗಸ್ಟ್ 19ರವರೆಗೆ ಜಾಯ್ಡಿಸ್ ರೆಸಲ್ಯೂಷನ್ ಎಂಬ ಸಂಶೋಧನ ಹಡಗು ಭಾರತದ ಕಡಲುಗಳಲ್ಲಿ 21 ತಾಣಗಳನ್ನು ಕೊರೆಯಿತು. ಅಮೆರಿಕದ ಭೂಗರ್ಭ ಸಮೀಕ್ಷೆಯವರೂ ಜೊತೆಗೂಡಿದ್ದರು. ನಾವು ಕನ್ನಡಿಗರು ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕಾದ ಸಂಗತಿಯೊಂದುಂಟು. ಮೊದಲನೆಯ ತಾಣ ನಮ್ಮ ಪಡುಗಡಲಿನದೇ, ಕೇರಳ–ಕೊಂಕಣದ ಜಲಾನಯನ. ಅಲ್ಲಿ ಸುಣ್ಣಯುಕ್ತವಾದ ಕೆಸರು ಸಿಕ್ಕಿತು, ಹೈಡ್ರೇಟ್ ಸಿಗಲಿಲ್ಲ. ಬಂಗಾಳ ಕೊಲ್ಲಿಯ ಕೃಷ್ಣಾ–ಗೋದಾವರಿ ಮುಖಜ ಪ್ರದೇಶದಲ್ಲಿ ಮಾತ್ರ, ಸುಮಾರು ಒಂದು ಸಾವಿರ ಮೀಟರ್ ನೀರಿನ ಕೆಳಗೆ, ನೂರಮೂವತ್ತು ಮೀಟರಿನಷ್ಟು ದಪ್ಪವಾದ ಪದರವೊಂದು ದೊರೆಯಿತು. ಲೋಕದಲ್ಲಿಯೇ ಸಮೃದ್ಧವಾದವುಗಳಲ್ಲಿ ಒಂದೆಂದು ಅದಕ್ಕೆ ಹೆಸರು ಬಂತು. ಮಹಾನದಿಯ ಮುಖದಲ್ಲಿಯೂ ಅಂಡಮಾನಿನ ಹತ್ತಿರವೂ ಕುರುಹುಗಳು ಕಂಡವು.

ಸಂತೋಷದ ಸುದ್ದಿಯೇ ಸರಿ. ಆದರೆ ಕೃಷ್ಣಾ–ಗೋದಾವರಿಯ ಆ ನಿಧಿ ಜೇಡಿಮಣ್ಣಿನ ಬಿರುಕುಗಳಲ್ಲಿ ಸಿಕ್ಕಿಕೊಂಡಿತ್ತು. ಜೇಡಿಯೊಳಗಿಂದ ಅನಿಲ ಹರಿದು ಬಾರದು. ಮರಳಿನ ಪದರದಲ್ಲಿದ್ದರೆ ಹರಿದೀತು. ಆದುದರಿಂದ 2015ರ ಮಾರ್ಚಿನಿಂದ ಜುಲೈವರೆಗೆ ಜಪಾನಿನ ಚಿಕ್ಯೂ ಎಂಬ ಹಡಗನ್ನು ತರಿಸಿ ಪೂರ್ವದ ಕಡಲಿನಲ್ಲಿ ಎರಡನೆಯ ಬಾರಿ ಕೊರೆದರು. ಮರಳಿನಲ್ಲಿ ಸಾಂದ್ರವಾಗಿ ಕಟ್ಟಿಕೊಂಡ ಹೈಡ್ರೇಟ್ ಈ ಸಾರಿ ದೊರೆಯಿತು. 2016ರ ಜುಲೈಯಲ್ಲಿ ಲೋಕಕ್ಕೆ ತಿಳಿಸಿದರು. ಮೊದಲನೆಯ ಯಾತ್ರೆ "ಇದೆಯೋ" ಎಂದು ಕೇಳಿತು. ಎರಡನೆಯದು "ತೆಗೆಯಬಹುದಾದಂತೆ ಇದೆಯೋ" ಎಂದು ಕೇಳಿತು. "ತೆಗೆದರೆ ಗಿಟ್ಟೀತೋ" ಎಂಬ ಮೂರನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನೂ ಉತ್ತರ ದೊರೆತಿಲ್ಲ.

ಬೇರೆ ದೇಶಗಳಲ್ಲಿಯೂ ದೊರೆತಿಲ್ಲ. ಜಪಾನಿನ ಸರ್ಕಾರದವರು 2001ರಿಂದ ದೊಡ್ಡ ಮೊತ್ತವನ್ನು ಇದಕ್ಕೆ ವಿನಿಯೋಗಿಸುತ್ತ ಬಂದು, 2013ರ ಮಾರ್ಚಿಯಲ್ಲಿ ಕಡಲಿನ ಅಡಿಯ ಹೈಡ್ರೇಟಿನಿಂದ ಲೋಕದಲ್ಲಿಯೇ ಮೊಟ್ಟಮೊದಲು ಅನಿಲವನ್ನು ಹೊರತೆಗೆದರು. ಅವರ ಉಪಾಯ ಬಹು ಸರಳವಾದುದು. ಗೋಲಿ ಸೋಡದ ಗೋಲಿಯನ್ನು ಒತ್ತಿದೊಡನೆ ಒಳಗಿನ ಗಾಳಿ ನೊರೆಯಾಗಿ ಏಳುತ್ತದಲ್ಲವೆ? ಹಾಗೆಯೇ ಬಾವಿಯ ನೀರನ್ನು ಮೇಲೆತ್ತಿ ಕೆಳಗಿನ ಒತ್ತಡವನ್ನು ಇಳಿಸಿದರು. ಗೂಡುಗಳು ಒಡೆದು ಅನಿಲ ಹೊರಟಿತು. ಆರು ದಿನಗಳಲ್ಲಿ ಸುಮಾರು 1,20,000 ಘನ ಮೀಟರ್ ಬಂದಿತು. ಆರನೆಯ ದಿನ ಅನಿಲದೊಡನೆ ಮರಳೂ ನುಗ್ಗಿ ಬಾವಿ ಕಟ್ಟಿಕೊಂಡಿತು, ಕೆಲಸ ನಿಂತಿತು. ಚೀನ ದೇಶದವರು 2020ರಲ್ಲಿ ಮೂವತ್ತು ದಿನಗಳಲ್ಲಿ 8,61,400 ಘನ ಮೀಟರ್ ತೆಗೆದರು. ಅಮೆರಿಕದ ಕಾಂಗ್ರೆಸ್ಸು ಇದರ ಸಂಶೋಧನೆಗೆಂದೇ 2000ದಲ್ಲಿ ಶಾಸನವೊಂದನ್ನು ಮಾಡಿತು. ಅದರ ಬೆಂಬಲದಿಂದ 2012ರಲ್ಲಿ ಅಲಾಸ್ಕದಲ್ಲಿ ಇಂಗಾಲಾಮ್ಲ ಅನಿಲವನ್ನು ಒಳಕ್ಕೆ ತಳ್ಳಿ ಮೀಥೇನನ್ನು ಹೊರಕ್ಕೆ ಪಡೆಯುವ ಪ್ರಯೋಗವೂ ನಡೆಯಿತು. ಇಷ್ಟಾದರೂ ಹೈಡ್ರೇಟಿನ ಅನಿಲವನ್ನು ವ್ಯಾಪಾರಕ್ಕೆ ತಂದ ದೇಶ ಒಂದೂ ಇಲ್ಲ.

ಈಗ ಕಪ್ಪು ಹಲಗೆಯ ಲೆಕ್ಕಕ್ಕೆ ಹಿಂದಿರುಗೋಣ. ಜಪಾನಿನವರು ಆರು ದಿನಗಳಲ್ಲಿ ಪಡೆದುದನ್ನು ಹದಿನೆಂಟರಿಂದ ಭಾಗಿಸಿದರೆ ಸುಮಾರು ಆರು ಸಾವಿರದ ಆರುನೂರು ಸಿಲಿಂಡರು. ಚೀನದವರದು ಸುಮಾರು ನಲವತ್ತೆಂಟು ಸಾವಿರ. ಆರು ದಿನಗಳ ಆ ಫಲಕ್ಕೆ ಹಿಂದೆ ಹನ್ನೆರಡು ವರ್ಷಗಳ ವೆಚ್ಚವಿತ್ತು. ಲೆಕ್ಕ ಮುಗಿಸಿದ ಬಾಲಿಕೆ ಸೀಮೆಸುಣ್ಣವನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು. "ನೋಡಿದಿರಾ ಟೀಚರ್, ನಾನು ಹೇಳಲಿಲ್ಲವೆ?" ಎಂಬ ನೋಟವದು.

ಇಲ್ಲಿ ನಾನು ಆಕೆಗೆ ಆಕೆಯ ಊರಿನ ಕಥೆಯನ್ನೇ ಹೇಳಬೇಕಾಯಿತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವುದಕ್ಕೆ ಮೊದಲೇ ಆ ಹೆಸರು ಇದ್ದುದು ಒಂದು ಸೋಜಿಗ. ಏಕೆಂದರೆ ಆ ಊರಿನ ಭಾಗ್ಯವೂ ಕಷ್ಟವೂ ಎರಡೂ ಬೆಂಕಿಯ ಪ್ರಶ್ನೆಗೇ ಅಂಟಿಕೊಂಡು ಬಂದಿವೆ. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು, ಸುಣ್ಣಕಲ್ಲು ಸಮೀಪದಲ್ಲಿಯೇ, ಭದ್ರಾ ನದಿಯ ನೀರು ಬಾಗಿಲಲ್ಲಿ. ಇಲ್ಲದಿದ್ದುದು ಒಂದೇ, ಕಲ್ಲಿದ್ದಲು. ಅದಿರು ಎಂಬುದು ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿರುವ ವಸ್ತು. ಆ ಆಮ್ಲಜನಕವನ್ನು ಬಿಡಿಸಿಕೊಳ್ಳಲು ಇಂಗಾಲ ಬೇಕು. ಕರಗಿಸಲು ಕಾವೂ ಬೇಕು. ಕಲ್ಲಿದ್ದಲು ಎರಡು ಕೆಲಸಗಳನ್ನೂ ಮಾಡುತ್ತದೆ. ಅದು ಬರಬೇಕಾದುದಾದರೋ ನೂರಾರು ಮೈಲಿಗಳ ಆಚೆಯಿಂದ, ರೈಲಿನ ಬಾಡಿಗೆ ತೆತ್ತು. ಖಾಸಗಿಯ ಸಾಹುಕಾರರು ಮುಂದೆ ಬಾರದಂತಹ ಕೆಲಸವಿದು.

ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು 1918ರಲ್ಲಿ ಇದಕ್ಕೆ ಮಂಜೂರಾತಿ ಕೊಟ್ಟಿತು. ಕಲ್ಲಿದ್ದಲಿನ ಬದಲು ಕಾಡಿನ ಸೌದೆಯ ಇದ್ದಿಲು. ಇದು ಯೋಜನೆಯ ಹೃದಯ. ಸೌದೆಯನ್ನು ಹಳ್ಳಿಯ ಗೂಡುಗಳಲ್ಲಿ ಸುಟ್ಟರೆ ಇದ್ದಿಲು ಸಿಗುತ್ತದೆ, ಹೊಗೆ ಗಾಳಿಗೆ ಹೋಗುತ್ತದೆ. ಆ ಹೊಗೆಯೇ ಹಣವೆಂದು ಪಾಶ್ಚಾತ್ಯ ತಜ್ಞರು ಹೇಳಿದರು. ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಹೊರಡುವ ಹೊಗೆಯನ್ನು ತಣಿಸಿದರೆ ಹುಳಿಯಾದ ನೀರೊಂದು ಇಳಿಯುತ್ತದೆ. ಅದರಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಟಾರು ಇವುಗಳನ್ನು ಬೇರ್ಪಡಿಸಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಿಡಿಮದ್ದಿಗೆ ಬೇಕಾದ ಅಸಿಟೋನನ್ನು ಈ ಅಸಿಟೇಟಿನಿಂದ ಮಾಡುತ್ತಿದ್ದುದರಿಂದ ಇವುಗಳಿಗೆ ಗಿರಾಕಿ ಬಹಳವಿತ್ತು. ಇವನ್ನು ಮಾರಿದ ಹಣದಿಂದ ಇದ್ದಿಲು ಅಗ್ಗವಾಗುವುದು, ಅಗ್ಗದ ಇದ್ದಿಲಿನಿಂದ ಕಬ್ಬಿಣ ಅಗ್ಗವಾಗುವುದು ಎಂದು ಲೆಕ್ಕ. ಸೌದೆಯನ್ನು ಭಟ್ಟಿ ಇಳಿಸುವ ಭಾರಿ ಸ್ಥಾವರವನ್ನು ಇದಕ್ಕಾಗಿ ಕಟ್ಟಿದರು. 1923ರ ಜನವರಿ 18ರಂದು ಊದುಕುಲುಮೆಗೆ ಬೆಂಕಿ ಬಿದ್ದಿತು.

ಅದೇ 1923ರಲ್ಲಿ, ಜರ್ಮನಿಯ ಲಾಯ್ನಾ ಎಂಬಲ್ಲಿ, ಬಿ.ಎ.ಎಸ್.ಎಫ್. ಕಂಪೆನಿಯ ರಸಾಯನಜ್ಞರು ಮರದ ಹಂಗೇ ಇಲ್ಲದೆ ಅನಿಲಗಳಿಂದ ಆ ಮದ್ಯಸಾರವನ್ನು ತಯಾರಿಸುವ ಕಾರ್ಖಾನೆಯನ್ನು ತೆರೆದರು! ಕೆಲವೇ ವರ್ಷಗಳಲ್ಲಿ ಲೋಕದ ಎಲ್ಲ ಕಡೆಗಳಲ್ಲಿಯೂ ಸೌದೆಯ ಭಟ್ಟಿಗಳ ಲಾಭ ಕುಸಿಯಿತು. ಯುದ್ಧ ಮುಗಿದು ಕಬ್ಬಿಣದ ಬೆಲೆಯೂ ಇಳಿದಿತ್ತು. ಕಾರ್ಖಾನೆಗೆ ನಷ್ಟ ಬಂತು. ರಾಜ್ಯದ ಹಣ ಬೆಂಕಿಗೆ ಬಿತ್ತೆಂದು ಆಡಿಕೊಂಡವರು ಬಹುಮಂದಿ. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಅದನ್ನು ಹಿಡಿದು ನಿಲ್ಲಿಸಿದರು. ಯೋಜನೆಯನ್ನು ಹೇಳಿದವರೇ ಅದರ ನಷ್ಟದ ಲೆಕ್ಕದ ಮುಂದೆಯೂ ಕುಳಿತರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 1936ರಲ್ಲಿ ಉಕ್ಕಿನ ವಿಭಾಗ ಸೇರಿತು. ಮುಂದೆ ಸಿಮೆಂಟೂ ಬಂದಿತು.

ಆದರೆ ಇದ್ದಿಲಿನ ಪ್ರಶ್ನೆ ತೀರಲಿಲ್ಲ. ಶಿವಮೊಗ್ಗ, ಕಡೂರು ಜಿಲ್ಲೆಗಳ ಕಾಡುಗಳಿಂದ ಸೌದೆ ಬರಬೇಕು. ಹತ್ತಿರದ ಕಾಡು ತೆಳುವಾದಂತೆ ಗಾಡಿಯ ದಾರಿ ದೂರವಾಗುತ್ತದೆ. ದೂರವಾದಂತೆ ಬೆಲೆ ಏರುತ್ತದೆ. ಆ ಕಾಡಿನ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ. ಕಡೆಗೆ ಬೆಂಕಿಗೆ ಬದಲಿ ಸಿಕ್ಕಿದುದು ನೀರಿನಲ್ಲಿ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸವನ್ನಾರಂಭಿಸಿತು. 1950ರ ದಶಕದ ಆರಂಭದಲ್ಲಿ ಭದ್ರಾವತಿಗೆ ವಿದ್ಯುತ್ತಿನಿಂದ ಅದಿರನ್ನು ಕರಗಿಸುವ ಕುಲುಮೆಗಳು ಬಂದವು. ಕಾವನ್ನು ಶರಾವತಿ ಕೊಟ್ಟಳು. ಆಮ್ಲಜನಕವನ್ನು ಬಿಡಿಸುವ ಕೆಲಸಕ್ಕೆ ಮಾತ್ರ ಇಂಗಾಲ ಆಮೇಲೆಯೂ ಬೇಕೇ ಆಯಿತು, ಪ್ರಮಾಣ ಕಡಮೆಯಾಯಿತಷ್ಟೆ.

1918ರಲ್ಲಿ ಕುಳಿತವರಿಗೆ ಜರ್ಮನಿಯ ಸಂಗತಿ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಅವರ ಲೆಕ್ಕ ತಪ್ಪಾಯಿತು. ಆದರೆ ಅವರು ಕುಳಿತಲ್ಲಿಯೇ ಕುಳಿತಿದ್ದರೆ ಭದ್ರಾವತಿ ಇಂದಿನ ಊರಾಗುತ್ತಿರಲಿಲ್ಲ. ಎಷ್ಟೋ ತಂದೆಗಳು ಆ ಕುಲುಮೆಯ ಸಂಬಳದಿಂದ ತಮ್ಮ ಹೆಣ್ಣುಮಕ್ಕಳನ್ನು ಓದಿಸಿದರು. ಅವರಲ್ಲಿ ಕೆಲವರು ರೈಲಿನಲ್ಲಿ ಬಂದು ನಮ್ಮ ಬೆಂಚುಗಳ ಮೇಲೆ ಕುಳಿತಿದ್ದರು. ಸರ್ಕಾರವು ಅನಿಶ್ಚಿತವಾದ ಇಂಧನಕ್ಕೆ ಹಣ ಹಾಕುವುದೆಂದರೆ ಇಂತಹ ಪಣ. ಅನ್ಯರ ಪ್ರಯೋಗಶಾಲೆ ಒಂದು ರಾತ್ರಿಯಲ್ಲಿ ಅದನ್ನು ಕೆಡಿಸಬಹುದು. ಇಂದು ಬಿಸಿಲಿನ ವಿದ್ಯುತ್ತು ವರ್ಷೇ ವರ್ಷೇ ಅಗ್ಗವಾಗುತ್ತಿರುವುದನ್ನು ಕಂಡರೆ, ಹೈಡ್ರೇಟಿನವರಿಗೆ ಲಾಯ್ನಾ ಎಲ್ಲಿ ಕಾದಿದೆಯೋ ಎಂದು ನನಗೆ ಅನ್ನಿಸದೆ ಇರದು. ಪಾವಗಡದ ಬಯಲಿನಲ್ಲಿಯೇ ಕಾದಿದ್ದರೂ ಆಶ್ಚರ್ಯವಿಲ್ಲ.

ಹಾಗಾದರೆ ಹಣ ಹಾಕಬಾರದೆ? ಹಾಕಬೇಕೆಂದೇ ನಾನು ಹೇಳುವೆನು. ಮೂವತ್ತು ವರ್ಷ ಕಾಯಬೇಕಾದ ಕೆಲಸಕ್ಕೆ ವ್ಯಾಪಾರಿ ಬರಲಾರನು. ಕೇರಳ–ಕೊಂಕಣದ ಕಡಲಿನಲ್ಲಿ ಏನೂ ಸಿಗಲಿಲ್ಲವೆಂದು ತಿಳಿಯುವುದಕ್ಕೆ ಕೊಟ್ಟ ಹಣವೂ ನಷ್ಟವಲ್ಲ. ಇಲ್ಲವೆಂಬುದನ್ನು ಪ್ರಕಟಿಸಿದ್ದರಿಂದ ಮುಂದಿನವರು ಅಲ್ಲಿಗೆ ಸುಮ್ಮನೆ ಹೋಗುವುದು ತಪ್ಪಿತು. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಭಾರತದ ಕಡಲುಗಳಲ್ಲಿ 1,894 ಲಕ್ಷ ಕೋಟಿ ಘನ ಮೀಟರ್ ಅನಿಲ ಇದೆಯೆಂಬ ಅಂಕೆಯೊಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಓದಿದವರು ನಾಳೆಯೇ ಒಲೆಗೆ ಬರುವುದೆಂದು ತಿಳಿಯುತ್ತಾರೆ. ಅದು ಅಲ್ಲಿ ಇರಬಹುದಾದ ಒಟ್ಟು ಮೊತ್ತದ ಊಹೆ, ತೆಗೆಯಬಹುದಾದುದರ ಲೆಕ್ಕವಲ್ಲ. ಗದ್ದೆಯಲ್ಲಿ ಹೊಡೆ ಕಂಡೊಡನೆ ಕಣಜದಲ್ಲಿ ಭತ್ತ ತುಂಬಿತೆಂದು ನೆಂಟರಿಗೆ ಕಾಗದ ಬರೆಯುವ ರೈತನುಂಟೆ? ಪ್ರಜೆಗಳ ಹಣವನ್ನು ಪಣಕ್ಕಿಟ್ಟವರು ಪಣವೆಂದೇ ಹೇಳಬೇಕು.

ಇನ್ನೊಂದು ಎಚ್ಚರಿಕೆಯೂ ಉಂಟು. ಮೀಥೇನನ್ನು ಸುಟ್ಟರೆ ಇಂಗಾಲಾಮ್ಲ ಅನಿಲ ಹೊರಡುತ್ತದೆ, ಕಲ್ಲಿದ್ದಲಿಗಿಂತ ಕಡಮೆ, ಆದರೆ ಇಲ್ಲದಿಲ್ಲ. ಸುಡದೆ ಸೋರಿಹೋದರೆ ಇನ್ನೂ ಕೇಡು: ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಇಪ್ಪತ್ತೆಂಟು ಪಟ್ಟಿಗೆ ಕಡಮೆಯಿಲ್ಲದಂತೆ ಭೂಮಿಯನ್ನು ಕಾಯಿಸುತ್ತದೆ. ಕಡಲ ತಳದ ಮಣ್ಣನ್ನು ಅನೇಕ ಕಡೆ ಹೈಡ್ರೇಟೇ ಗಾರೆಯಂತೆ ಹಿಡಿದುಕೊಂಡಿದೆ. ಅದನ್ನು ಕರಗಿಸಿದರೆ ಮಣ್ಣು ಸಡಿಲವಾಗಬಹುದು. ಸಂಶೋಧನೆಯ ಹಣದಲ್ಲಿ ಒಂದು ಪಾಲು ಇದಕ್ಕೂ ಹೋಗಬೇಕು. ಭದ್ರಾವತಿಯ ಲೆಕ್ಕದಲ್ಲಿ ಕಾಡನ್ನು ಬಿಟ್ಟಂತೆ ಈ ಲೆಕ್ಕದಲ್ಲಿ ಕಡಲನ್ನು ಬಿಡಬಾರದು.

ತಾಯಂದಿರಿಗಾಗಿ ಇನ್ನೊಂದು ಮಾತನ್ನು ಸೇರಿಸಬೇಕು. ಇದೇ ಮೀಥೇನಿಗೆ ನಮ್ಮ ನಾಡಿನಲ್ಲಿ ಅಲ್ಪ ಹಣದಿಂದ ನಡೆದ ಸಂಶೋಧನೆಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಹಳ್ಳಿಗಳ ಅವಶ್ಯಕತೆಗಾಗಿಯೇ ಆರಂಭಿಸಿದರು. ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ, ಸೌದೆಯನ್ನು ಉಳಿಸುವ ಅಸ್ತ್ರ ಒಲೆ ಅಲ್ಲಿಂದಲೇ ಬಂದುದು. ನನ್ನ ಅಜ್ಜಿ ಊದುಗೊಳವೆ ಹಿಡಿದು ಹಸಿ ಸೌದೆಯನ್ನು ಊದುತ್ತ ಕಣ್ಣೊರೆಸಿಕೊಳ್ಳುತ್ತಿದ್ದ ಚಿತ್ರ ನನ್ನ ಮನಸ್ಸಿನಲ್ಲಿ ಇನ್ನೂ ಇದೆ. ಆ ಒಲೆಯನ್ನು ಪ್ರದರ್ಶನವೊಂದರಲ್ಲಿ ಮೊದಲು ಕಂಡಾಗ, ಇದು ಆಕೆಯ ಕಾಲದಲ್ಲಿಯೇ ಬರಬಾರದಿತ್ತೆ ಎಂದುಕೊಂಡೆನು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರವನ್ನು ನಡೆಸಿದರು. ಮನೆಮನೆಯವರು ಸಗಣಿ ತಂದು ತೂಗಿಸಿ ಕೊಡುವುದು. ಅನಿಲದಿಂದ ಯಂತ್ರ ನಡೆದು ಮನೆಗಳಿಗೆ ದೀಪ, ಬೀದಿಗೆ ಕುಡಿಯುವ ನೀರು. ಉಳಿದ ಬಗ್ಗಡ ಗೊಬ್ಬರವಾಗಿ ಕೊಟ್ಟವರಿಗೇ ಹಿಂದಕ್ಕೆ. ಕೆಲವು ವರ್ಷ ಅದು ಚೆನ್ನಾಗಿ ನಡೆದು ಆಮೇಲೆ ನಿಂತಿತು. ಆದರೂ ಆ ಊರಿನ ಹೆಂಗಸರು ನೀರಿಗಾಗಿ ನಡೆಯುವುದು ಆ ಕಾಲದಲ್ಲಿ ತಪ್ಪಿತು. ಕಡಲಿನ ಮೀಥೇನಿಗೆ ಹಡಗು ಕಳುಹಿಸುವ ಸರ್ಕಾರ ಕೊಟ್ಟಿಗೆಯ ಮೀಥೇನನ್ನು ಮರೆಯಬಾರದೆಂಬಷ್ಟಕ್ಕೆ ಇದನ್ನು ಹೇಳಿದೆನು.

ಇಷ್ಟನ್ನೂ ಹೇಳಿದ ಮೇಲೆ ಆ ಬಾಲಿಕೆ ಸುಮ್ಮನಾದಳೆಂದು ತಿಳಿಯಬೇಡಿ. "ಈ ಮಂಜಿನ ಅನಿಲ ಬಂದರೆ ನಮ್ಮ ಕಾರ್ಖಾನೆಗೆ ಉಪಯೋಗವಾದೀತೆ?" ಎಂದು ಕೇಳಿದಳು. ತತ್ತ್ವದಲ್ಲಿ ಆದೀತು. ಅದಿರಿನಿಂದ ಆಮ್ಲಜನಕವನ್ನು ಸಹಜ ಅನಿಲದಿಂದಲೂ ಬಿಡಿಸಬಹುದು. ಮೆಕ್ಸಿಕೋದ ಮಾಂಟೆರೇ ನಗರದಲ್ಲಿ 1957ರಿಂದಲೇ ಹಾಗೆ ಕಬ್ಬಿಣವನ್ನು ಮಾಡಿದ್ದಾರೆ. ಕಡಲಿನ ಅನಿಲಕ್ಕೆ ಕಾಯಲೇಬೇಕೆಂದೂ ಇಲ್ಲ. ದಾಭೋಳದಿಂದ ಬೆಂಗಳೂರಿಗೆ ಅನಿಲವನ್ನು ತರುವ ಕೊಳವೆ 2013ರಲ್ಲಿ ಆರಂಭವಾಗಿ ನೆರೆಯ ಚಿತ್ರದುರ್ಗ ಜಿಲ್ಲೆಯ ಮೂಲಕವೇ ಹೋಗುತ್ತದೆ. ತಡೆದಿರುವುದು ರಸಾಯನಶಾಸ್ತ್ರವಲ್ಲ, ಬೆಲೆ. 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ತಿಂಗಳಿನಲ್ಲಿಯೇ, ಕಾರ್ಖಾನೆಯ ಒಡೆತನವಿರುವ ಭಾರತೀಯ ಉಕ್ಕು ಪ್ರಾಧಿಕಾರದ ಮಂಡಲಿಯು ಅದನ್ನು ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟಿತು. ಕಾರ್ಮಿಕರೂ ಊರವರೂ ಬೀದಿಗಿಳಿದು ಬೇಡಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಉಕ್ಕನ್ನು ಸರಳುಗಳಾಗಿ ಉರುಳಿಸುವ ವಿಭಾಗಕ್ಕೆ ಮತ್ತೆ ಚಾಲನೆ ದೊರೆಯಿತು. ಆದರೆ ಅದಿರು ಕರಗಿಸುವ ಕೆಲಸ ಬೇರೆ, ಬಂದ ಉಕ್ಕನ್ನು ಕಾಯಿಸಿ ಉರುಳಿಸುವ ಕೆಲಸ ಬೇರೆ.

"ಹಾಗಾದರೆ ಅನಿಲಕ್ಕೆ ಎಷ್ಟು ಬೆಲೆಯಿದ್ದರೆ ನಮ್ಮ ಕುಲುಮೆಗೆ ಗಿಟ್ಟುತ್ತದೆ ಟೀಚರ್?" ಎಂದಳು ಆಕೆ. ಅದನ್ನು ಕಂಡುಹಿಡಿಯುವುದಕ್ಕೆ ಒಂದು ಟನ್ನು ಕಬ್ಬಿಣಕ್ಕೆ ಎಷ್ಟು ಘನ ಮೀಟರ್ ಅನಿಲ ಬೇಕು, ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಅದಿರು ಎಲ್ಲಿಂದ ಬರಬೇಕು, ರೈಲಿನ ಬಾಡಿಗೆ ಎಷ್ಟು ಎಂಬುದೆಲ್ಲ ಬೇಕು. ನಾಲ್ವರು ಬಾಲಿಕೆಯರು ಒಂದು ಉದ್ದ ರೂಲಿನ ಪುಸ್ತಕವನ್ನು ಇದಕ್ಕಾಗಿಯೇ ಇಟ್ಟಿದ್ದಾರೆ. ಮೊದಲನೆಯ ಪುಟದಲ್ಲಿ ತಾತನವರನ್ನು ಕೇಳಿ ಬರೆದುಕೊಂಡ ಕುಲುಮೆಯ ಚಿತ್ರವಿದೆ. ಎರಡನೆಯ ಪುಟದಲ್ಲಿ ಪಂಜರದ ಚಿತ್ರ. ಈ ವಿಷಯ ಬಲ್ಲ ಹಳೆಯ ವಿದ್ಯಾರ್ಥಿನಿಯರೂ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಪೋಷಕರೂ ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ಅವರಿಗೆ ನೆರವಾಗಬೇಕೆಂದು ಕೇಳಿಕೊಳ್ಳುತ್ತೇನೆ. ಮೂರನೆಯ ಪುಟ ಇನ್ನೂ ಖಾಲಿಯಿದೆ.